ಕೆಂಪಾಗದ ಅರಿಶಿನ

ಗೌರಿ ಹಬ್ಬ ಹತ್ತಿರ ಬಂತೆಂದರೆ ಬಿಟಿಎಂ ಲೇಔಟಿನ ಆ ಮೂರಂತಸ್ತಿನ ಬಿಲ್ಡಿಂಗಿಗೆ ಬಣ್ಣ ಬಳಿಯಲೇಬೇಕು. ಅದು ಮಾಲೀಕರಾದ ಕಿಟ್ಟಿ ಅಂಕಲ್ ಹಿಡಿದ ವ್ರತ. ಹೋದ ವರ್ಷ ಬಾದಾಮಿ ಹಾಲಿನ ಬಣ್ಣ, ಈ ವರ್ಷ ಹಾಲಿಗೆ ನೇರಳೆಹಣ್ಣು ಹಿಂಡಿದಂಥ ಬಣ್ಣ. ಪೇಂಟರುಗಳು ಬರುತ್ತಾರೆ, ಬಿರುಕು ಕಂಡಲ್ಲೆಲ್ಲ ಪುಟ್ಟಿ ಮೆತ್ತುತ್ತಾರೆ, ಉಜ್ಜಿ ನಯ ಮಾಡಿ ಮೇಲೊಂದಿಷ್ಟು ಬಣ್ಣ ಎಳೆದು ಹೋಗುತ್ತಾರೆ. ಹಬ್ಬಕ್ಕೆ ಬಂದ ನೆಂಟರು ರಸ್ತೆಯಲ್ಲೇ ನಿಂತು, "ಕಿಟ್ಟಿ, ಮನೆ ಹೊಸದರ ಹಾಗಿದೆ ಕಣೋ" ಅನ್ನುತ್ತಾರೆ. ಅಷ್ಟು ಸಾಕು, ಮುಂದಿನ ಹಬ್ಬದವರೆಗೆ ಅಂಕಲ್‌ಗೆ ನಿದ್ದೆ ಸೊಗಸಾಗಿ ಬರುತ್ತದೆ.

ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ರಾಜಶ್ರೀಗೆ ಮಾತ್ರ ಆ ಬಣ್ಣ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಅವಳು ಗದಗಿನವಳು, ಜೆ.ಪಿ. ನಗರದ ಲ್ಯಾಬೊಂದರಲ್ಲಿ ಕಾಂಕ್ರೀಟು ಪರೀಕ್ಷೆ ಮಾಡುವ ಇಂಜಿನಿಯರು. ಊರಿನ ಕಟ್ಟಡಗಳೆಲ್ಲ ತುಂಡು ತುಂಡಾಗಿ ಅವಳ ಮೇಜಿಗೆ ಬರುತ್ತವೆ, ಆಸ್ಪತ್ರೆಗೆ ರೋಗಿಗಳು ಬಂದ ಹಾಗೆ. ಗಂಡ ಸಿದ್ದಾರೂಢನಿಗೆ ಮನೆಯೆಂದರೆ ನಾಲ್ಕು ಗೋಡೆ, ಒಂದು ವೈಫೈ. ಅವಳಿಗೆ ಹಾಗಲ್ಲ. ಯಾವ ಗೋಡೆಯ ಮುಂದೆ ನಿಂತರೂ ಅದು ಯಾವುದರಿಂದ ಸಾಯುತ್ತಿದೆ ಎಂದೇ ಕಣ್ಣು ಹುಡುಕುತ್ತದೆ.

ಮರಕ್ಕೆ ಗೆದ್ದಲು, ಇಟ್ಟಿಗೆಗೆ ಉಪ್ಪು, ತಗಡಿಗೆ ತುಕ್ಕು. ಇಟ್ಟಿಗೆ ಪಾಪ, ಬೆಳ್ಳಗೆ ಉಪ್ಪು ಕಾರಿಕೊಂಡು, ಪುಡಿಪುಡಿಯಾಗಿ, ನಾಲ್ಕು ಜನರಿಗೆ ತೋರಿಸಿಕೊಂಡು ಸಾಯುತ್ತದೆ. ಕಾಂಕ್ರೀಟು ಕಳ್ಳ. ಅದರ ಸಾವು ಒಳಗೊಳಗೇ. ಸಿಮೆಂಟಿನ ಒಳಗೆ ಸುಣ್ಣದ ಖಾರ ಇರುವವರೆಗೆ ಅದರ ನಡುವಿನ ಕಬ್ಬಿಣದ ಕಂಬಿಗೆ ಕಾವಲಿದೆ. ಗಾಳಿ, ನೀರು ವರ್ಷಗಟ್ಟಲೆ ನುಸುಳಿ ನುಸುಳಿ ಆ ಖಾರ ಇಂಗಿಹೋದ ದಿನ ಕಂಬಿಗೆ ತುಕ್ಕು ಹತ್ತುತ್ತದೆ. ತುಕ್ಕು ಹತ್ತಿದ ಕಂಬಿ ಸವೆಯುವುದಷ್ಟೇ ಅಲ್ಲ, ಊದಿಕೊಳ್ಳುತ್ತದೆ; ತನ್ನನ್ನು ಹೊದ್ದಿರುವ ಕಾಂಕ್ರೀಟನ್ನೇ ಒಳಗಿನಿಂದ ಒದ್ದು ಸೀಳುತ್ತದೆ. ಮೊದಲು ಕೂದಲೆಳೆಯಂಥ ಬಿರುಕು. ಆಮೇಲೆ ಕಂದು ಕಲೆ. ಆಮೇಲೊಂದು ದಿನ, ಕೆಳಗೆ ಯಾರ ತಲೆ ಇದೆಯೆಂದು ಕೇಳದೆ, ಕಲ್ಲಿನಂಥ ಹೆಂಟೆ.

ಆ ಬಿಲ್ಡಿಂಗಿನ ಸಜ್ಜಾದ ಉದ್ದಕ್ಕೂ ಬಿರುಕೂ ಇತ್ತು, ಕಂದು ಕಲೆಯೂ ಇತ್ತು. ನೆಲಮಹಡಿಯ ಕಿಟಕಿಗಳ ಮೇಲೆ, ಸೈಟಿನ ಎಲ್ಲೆಯನ್ನೂ ದಾಟಿ, ಫುಟ್‌ಪಾತಿನ ಮೇಲಕ್ಕೆ ಧಾರಾಳವಾಗಿ ಚಾಚಿಕೊಂಡ ಸಜ್ಜಾ ಅದು. ಅದರ ನೆರಳಿನಲ್ಲಿ ಕೂತು ಹೂ ಮಾರುವವಳು ಯಲ್ಲಮ್ಮ. ಆ ಬೀದಿಯ ದೇವರುಗಳಿಗೆಲ್ಲ ಅವಳ ಹೂವೇ. ಸೊಂಟ ಬಗ್ಗಿದೆ, ನಾಲಿಗೆ ಬಗ್ಗಿಲ್ಲ.

ಪೇಂಟರು ಸಜ್ಜಾದ ಬಿರುಕಿಗೆ ಪುಟ್ಟಿ ತುಂಬುವುದನ್ನು ನೋಡಿದ ದಿನವೇ ರಾಜಶ್ರೀ ಕೆಳಗಿಳಿದು ಹೋಗಿದ್ದಳು. ಕಿಟ್ಟಿ ಅಂಕಲ್ ವರಾಂಡದಲ್ಲಿ ಪೇಪರು ಓದುತ್ತಿದ್ದರು. ಬ್ಯಾಂಕಿನಿಂದ ರಿಟೈರಾದವರು, ಬಿಟಿಎಂನಲ್ಲಿ ವಾಸವಿದ್ದರೂ "ನಾವು ಜಯನಗರದವರು" ಎಂದೇ ಹೇಳಿಕೊಳ್ಳುವವರು.

"ಅಂಕಲ್, ಅದನ್ನ ಮುಚ್ಚಿಸಬೇಡಿ. ಒಳಗಿನ ಕಂಬಿ ಊದಿದೆ. ಸತ್ತಿರೋ ಕಾಂಕ್ರೀಟ್ ಕೆತ್ತಿ ತೆಗೆಸಿ, ಕಂಬಿ ಉಜ್ಜಿಸಿ, ಮತ್ತೆ ಗಾರೆ ಮಾಡಿಸ್ಬೇಕು. ಆಮೇಲೆ ಬಣ್ಣ ಹೊಡೆಸಿ."

"ನೋಡಮ್ಮಾ," ಅಂಕಲ್ ಕನ್ನಡಕ ಕೆಳಗಿಳಿಸಿದರು, "ನಾನು ನಿಂತು ಕಟ್ಟಿಸಿದ ಬಿಲ್ಡಿಂಗ್ ಇದು. ಏನೂ ಆಗಿಲ್ಲ ಅದಕ್ಕೆ. ನಿಮ್ಮ ಕಡೆಯೋರು ಬಾಲ್ಕನಿಗೆ ಕೊಡಗಟ್ಟಲೆ ನೀರು ಸುರಿದು ತೊಳೀತೀರಲ್ಲ, ಅದರ ಕಲೆ ಅಷ್ಟೆ. ಬಟ್ಟೇಲಿ ಒರೆಸೋದು ಕಲೀರಿ, ಎಲ್ಲಾ ಪರ್ಫೆಕ್ಟ್ ಆಗುತ್ತೆ."

ಒಳಗಿನಿಂದ ಅವರ ಹೆಂಡತಿ ಕಾತ್ಯಾಯಿನಿ ಆಂಟಿ, "ಅವಳನ್ಯಾಕೆ ಅಂತೀರ, ಪಾಪ. ಬಾಮ್ಮಾ ರಾಜಶ್ರೀ, ಕಾಫಿ ಕುಡ್ಕೊಂಡು ಹೋಗು" ಎಂದರು. ಆ ಮನೆಯಲ್ಲಿ ಎಂಥ ಅವಮಾನಕ್ಕೂ ಒಂದು ಲೋಟ ಕಾಫಿಯ ಪರಿಹಾರ ಸಿಗುತ್ತಿತ್ತು. ರಾಜಶ್ರೀ ಕುಡಿಯದೆ ಬಂದಳು.

ಬಣ್ಣ ಒಣಗುವ ಮೊದಲೇ ಸಜ್ಜಾದ ತುಂಡೊಂದು ಬಿತ್ತು. ಬೆಳಗಿನ ಹೊತ್ತು, ಯಲ್ಲಮ್ಮ ಎದುರು ಬೇಕರಿಗೆ ಟೀ ತರಲು ಹೋಗಿದ್ದಳು. ತೆಂಗಿನಕಾಯಿ ಗಾತ್ರದ ಹೆಂಟೆ, ಒಂದು ಮಗ್ಗುಲಿಗೆ ಹೊಸ ನೇರಳೆ ಬಣ್ಣ ಮೆತ್ತಿಕೊಂಡು, ನೇರ ಅವಳ ಸೇವಂತಿಗೆ ಬುಟ್ಟಿಯೊಳಗೆ ಬಿದ್ದು ಬುಟ್ಟಿಯ ಬುಡ ಒಡೆಯಿತು. ಟೀ ಲೋಟ ಹಿಡಿದು ಬಂದ ಯಲ್ಲಮ್ಮ ಒಂದು ಗಳಿಗೆ ನೋಡಿ, "ದೇವರಿಗೆ ಈ ಸಲ ಅವಸರ. ನಾನು ಕಟ್ಟೋವರ್ಗೂ ಕಾಯ್ದೇನೇ ಬುಟ್ಟಿಗೇ ಕೈ ಹಾಕವ್ನೆ" ಎಂದು ನಕ್ಕಳು. ಟೀ ಲೋಟ ಕೆಳಗಿಟ್ಟು, ಜಜ್ಜಿಹೋಗದ ಹೂಗಳನ್ನು ಆರಿಸತೊಡಗಿದಳು.

ರಾಜಶ್ರೀ ಆ ಹೆಂಟೆಯನ್ನು ಲ್ಯಾಬಿಗೆ ಹೊತ್ತುಕೊಂಡು ಹೋದಳು. ಒಡೆದು, ಹೊಸ ಮುಖದ ಮೇಲೆ ಸುಣ್ಣದ ಖಾರ ಪತ್ತೆಹಚ್ಚುವ ದ್ರಾವಣ ಸಿಂಪಡಿಸಿದಳು. ಜೀವ ಇರುವ ಕಾಂಕ್ರೀಟಾದರೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಇದು ಹೆಣದ ಹಾಗೆ ಬೂದಿ ಬಣ್ಣದಲ್ಲೇ ಉಳಿಯಿತು. ಸಂಜೆ ಅದನ್ನೇ ತಂದು ಅಂಕಲ್ ಮುಂದಿಟ್ಟರೆ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ನಿಮ್ಮ ಲ್ಯಾಬಿನ ಕೆಮಿಕಲ್ ಕಟ್ಕೊಂಡು ನನಗೇನಾಗ್ಬೇಕು? ಯಾರೋ ಪೇಂಟರ್ ಏಣಿ ತಾಗಿಸಿರ್ತಾನೆ. ಬಿದ್ದಿರೋ ಜಾಗಕ್ಕೆ ಮತ್ತೆ ಪುಟ್ಟಿ ಹಾಕಿಸ್ತೀನಿ, ಆಯ್ತಾ?"

"ವಾರ್ಡ್ ಆಫೀಸಿಗೆ ಕಂಪ್ಲೇಂಟ್ ಕೊಡ್ತೀನಿ," ಎಂದು ಅವಳು ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

ಸಿದ್ದಾರೂಢ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಏ, ಬಾಡಿಗಿ ಮನಿ ಐತಿ ಇದು. ನಮ್ಮಪ್ಪ ಕಟ್ಟಿಸ್ಯಾನೇನು? ಸುಮ್ನ ಕುಂಡ್ರು."

"ಬೀಳೂಮುಂದ ಕೆಳಗ ಮಾಲಕರು ಅದಾರೋ, ಬಾಡಿಗಿಯವ್ರು ಅದಾರೋ ಅಂತ ಕೇಳಿ ಬೀಳ್ತೈತೇನು ಅದು?"

"ನಿನ್ನ ಲ್ಯಾಬಿನಾಗ ಬಾಯಿಗೆ ಹಾಕೋ ಸಿಮೆಂಟು ಇಲ್ಲೇನು? ಒಂದೀಟು ತಂದಿಟ್ಕೋ," ಎಂದ ಅವನು. ಆದರೂ ಕಂಪ್ಲೇಂಟಿಗೆ ಬೇಕಾದ ಫೋಟೋ ತೆಗೆದುಕೊಟ್ಟವನು ಅವನೇ.

ಹಬ್ಬಕ್ಕೆ ಇನ್ನೇನು ಒಂದೆರಡು ದಿನ ಇದೆಯೆನ್ನುವಾಗ ವಾರ್ಡ್ ಆಫೀಸಿನಿಂದ ಒಬ್ಬ ಇಂಜಿನಿಯರು ಜೀಪಿನಲ್ಲಿ ಬಂದ. ರಾಜಶ್ರೀ ಆಗ ಕೆಲಸದಲ್ಲಿದ್ದಳು. ಸಂಜೆ ಬಂದು ನೋಡುತ್ತಾಳೆ: ಸಜ್ಜಾ ಇದ್ದ ಹಾಗೇ ಇದೆ. ಬಿದ್ದ ಜಾಗಕ್ಕೆ ಹೊಸ ಪುಟ್ಟಿ, ಅದರ ಮೇಲೆ ಹೊಸ ನೇರಳೆ. ಯಲ್ಲಮ್ಮ ಇಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಸಾಲಾಗಿ ಸಿಮೆಂಟಿನ ಹೂಕುಂಡಗಳು, ಗೋಡೆಗೊಂದು ಬೋರ್ಡು: 'ಇಲ್ಲಿ ವ್ಯಾಪಾರ ನಿಷೇಧಿಸಲಾಗಿದೆ.'

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಇಂಥದ್ದೊಂದು ಬೀದಿಯಲ್ಲೇ ಬಾಳಿರಬೇಕು. ಫುಟ್‌ಪಾತಿನ ಮೇಲಕ್ಕೆ ಚಾಚಿದ ಕಾಂಕ್ರೀಟು ಒತ್ತುವರಿಯಲ್ಲ. ಅದರ ಕೆಳಗೆ ಮೊಣಕಾಲು ಮಡಚಿ ಕೂತ ಮುದುಕಿ ಒತ್ತುವರಿ!

"ನೀವೇ ಹೇಳಿದ್ರಲ್ಲಮ್ಮಾ, ಅದರ ಕೆಳಗೆ ಜನ ಇದ್ರೆ ಡೇಂಜರ್ ಅಂತ," ಕಿಟ್ಟಿ ಅಂಕಲ್ ಗೇಟಿನ ಬಳಿ ನಿಂತು ನಗುತ್ತಿದ್ದರು. "ಈಗ ಜನ ಇಲ್ಲ. ಸೇಫ್ಟಿ ಫಸ್ಟ್. ಸಾಹೇಬರೂ ಒಪ್ಪಿದ್ರು."

ರಾಜಶ್ರೀ ರಸ್ತೆ ದಾಟಿದಳು. ಯಲ್ಲಮ್ಮ ರಸ್ತೆಯ ಆಚೆ, ಬಾಯಿ ತೆರೆದ ಚರಂಡಿಯ ಪಕ್ಕ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಹೂವಿನ ಮೇಲೆ ಒದ್ದೆ ಗೋಣಿ. ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡವರು ಅವಳ ಮಲ್ಲಿಗೆ ಮೂಸಿ ನೋಡುವುದೆಲ್ಲಿ ಬಂತು?

"ಬಾಮ್ಮಾ ಇಂಜಿನಿಯರಮ್ಮಾ," ಎಂದಳು ಯಲ್ಲಮ್ಮ, ತಲೆಯೆತ್ತದೆ ಹೂ ಕಟ್ಟುತ್ತ. "ಸಜ್ಜಾ ಬೀಳ್ತೈತೆ, ಬೀಳ್ತೈತೆ ಅಂತಿದ್ದೆ. ಅದು ಬೀಳ್ಲಿಲ್ಲ. ನಿನ್ನ ಕಂಪ್ಲೇಂಟು ಬಿತ್ತು ನೋಡು ನನ್ನ ತಲೆ ಮೇಲೆ."

"ನಾನು ನಿಮಗೋಸ್ಕರನೇ..."

"ಗೊತ್ತು ಬಿಡವ್ವಾ. ಗೌರಿ ಹಬ್ಬ ಅಂದ್ರೆ ನಂಗೆ ಸುಗ್ಗಿ. ಅದೇ ಹೊತ್ಗೆ ಎಬ್ಬಿಸಿದ್ರು. ಇನ್ಮೇಲೆ ನನಗೋಸ್ಕರ ಏನಾದ್ರೂ ಮಾಡೋವಾಗ ನನ್ನ ಒಂದು ಮಾತು ಕೇಳು."

ಆ ಮಾತು ರಾಜಶ್ರೀಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಹೌದಲ್ಲ, ಫೋಟೋ ತೆಗೆಸಿದಳು, ಲ್ಯಾಬಿಗೆ ಹೊತ್ತಳು, ಆಫೀಸಿಗೆ ಬರೆದಳು; ಅಲ್ಲಿ ಕೂರುವವಳನ್ನು ಒಂದು ಮಾತು ಕೇಳಲಿಲ್ಲ. ಆದರೆ ಮುಳ್ಳಿಗಿಂತ ದೊಡ್ಡದಾಗಿ ಇನ್ನೊಂದು ಉರಿಯುತ್ತಿತ್ತು: ಎಬ್ಬಿಸಿದ್ದು ಯಲ್ಲಮ್ಮನನ್ನು, ಸಾವನ್ನಲ್ಲ. ಹಾಲಿನವನು ಅದರ ಕೆಳಗೇ ಸೈಕಲ್ ನಿಲ್ಲಿಸುತ್ತಾನೆ, ಪಿ.ಜಿ.ಯ ಹುಡುಗಿಯರು ಮಳೆ ಬಂದರೆ ಅಲ್ಲೇ ನಿಲ್ಲುತ್ತಾರೆ.

ಗೌರಿ ಹಬ್ಬದ ಇಳಿಹೊತ್ತು ಕಾತ್ಯಾಯಿನಿ ಆಂಟಿ ಎಲ್ಲ ಬಾಡಿಗೆ ಮನೆಯ ಹೆಂಗಸರನ್ನೂ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ರಾಜಶ್ರೀ ಇಳಕಲ್ ಸೀರೆ ಉಟ್ಟು ಹೋದಳು. ಕೈಚೀಲದಲ್ಲಿ ಆ ಹೆಂಟೆಯ ಅರ್ಧ ತುಂಡು.

ನಡುಮನೆಯಲ್ಲಿ ಗೌರಿಯ ಮುಂದೆ ಬಾಗಿನದ ಮೊರಗಳು, ಜಯನಗರ, ಯಡಿಯೂರುಗಳಿಂದ ಬಂದ ನೆಂಟರ ಹೆಂಗಸರು. ಆಂಟಿ ಆರತಿಗೆ ತಟ್ಟೆಯಲ್ಲಿ ಅರಿಶಿನ ಕದಡುತ್ತಿದ್ದರು. ಪಕ್ಕದಲ್ಲಿ ಸುಣ್ಣದ ಡಬ್ಬಿ. ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು ಓಕುಳಿ. ಅಲ್ಲಿದ್ದ ಪ್ರತಿ ಹೆಂಗಸೂ ಹುಟ್ಟಿದಾಗಿನಿಂದ ನೋಡಿದ್ದು, ಮದುವೆಯಲ್ಲಿ, ತೊಟ್ಟಿಲಿಗೆ ಹಾಕುವಾಗ, ದೃಷ್ಟಿ ತೆಗೆಯುವಾಗ.

ರಾಜಶ್ರೀ ಆ ತಟ್ಟೆಯನ್ನೇ ನೋಡುತ್ತಿದ್ದಳು. ಲ್ಯಾಬಿನ ದ್ರಾವಣ ಹೇಳುವುದನ್ನು ಇದೂ ಹೇಳುತ್ತದೆ! ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ?

"ಆಂಟಿ, ಸುಣ್ಣ ಹಾಕೋಕೆ ಮುಂಚೆ ಒಂದು ಲೋಟ ಅರಿಶಿನ ನೀರು ನನಗೆ ಕೊಡ್ತೀರಾ?"

"ಯಾಕಮ್ಮಾ?"

"ಒಂದು ನಿಮಿಷ ಬನ್ನಿ, ತೋರಿಸ್ತೀನಿ."

ಹಬ್ಬಕ್ಕೆಂದೇ ಅಂಕಲ್ ಬಾಗಿಲ ಮುಂದೆ ಹೊಸ ಮೆಟ್ಟಿಲಿಗೆ ಗಾರೆ ಮಾಡಿಸಿದ್ದರು. ರಾಜಶ್ರೀ ಅದರ ಅಂಚಿನ ಮೇಲೆ ನಾಲ್ಕು ಹನಿ ಅರಿಶಿನ ನೀರು ಬಿಟ್ಟಳು. ನೋಡನೋಡುತ್ತಿದ್ದಂತೆ ಹಳದಿ ಕೆಂಪಾಯಿತು, ಎಲೆಯಡಿಕೆ ಜಗಿದ ಬಾಯಿಯಂತೆ. ಹೆಂಗಸರು ಬಾಗಿಲಲ್ಲಿ ಗುಂಪಾದರು.

"ಸಿಮೆಂಟ್‌ನಲ್ಲಿ ಸುಣ್ಣದ ಸತ್ವ ಇದ್ರೆ ಹೀಗೆ ಕೆಂಪಾಗುತ್ತೆ. ಈಗ ಇದು ನೋಡಿ, ನಿಮ್ಮ ಸಜ್ಜಾದಿಂದ ಬಿದ್ದದ್ದು." ಚೀಲದಿಂದ ತುಂಡು ತೆಗೆದು, ಒಡೆದ ಮುಖ ಮೇಲೆ ಮಾಡಿ ಉಳಿದ ನೀರನ್ನೆಲ್ಲ ಸುರಿದಳು.

ಎಲ್ಲರೂ ಕಾದರು. ಹಳದಿ ಹಳದಿಯಾಗಿಯೇ ಇತ್ತು.

"ಕೆಂಪಾಗ್ಲೇ ಇಲ್ವಲ್ಲೇ," ಎಂದರು ಯಡಿಯೂರಿನ ಅತ್ತಿಗೆಯೊಬ್ಬರು, ದನಿ ತಗ್ಗಿಸಿ.

"ಆಗಲ್ಲ. ಸತ್ವ ಹೋಗಿದೆ. ಒಳಗಿನ ಕಂಬಿನ ಕಾಯೋರು ಯಾರೂ ಇಲ್ಲ ಈಗ. ಬಿದ್ದಿರೋದು ಒಂದು ತುಂಡು. ಬೀಳೋದು ಇನ್ನೂ ಅಲ್ಲೇ ನೇತಾಡ್ತಿದೆ."

ಕಾತ್ಯಾಯಿನಿ ಆಂಟಿ ಬಗ್ಗಿ, ತುಂಡನ್ನು ಬೆರಳಿನಿಂದ ಮುಟ್ಟಿ, ಬೆರಳು ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. "ಏನೂಂದ್ರೆ, ಇಲ್ಲಿ ಬನ್ನಿ. ನಮ್ಮ ಪ್ರಕೃತಿ ದಿನಾ ಸ್ಕೂಲ್ ವ್ಯಾನಿಗೆ ನಿಂತ್ಕೊಳ್ಳೋದು ಅದರ ಕೆಳಗೇ ಅಲ್ವಾ?"

ಪ್ರಕೃತಿ ಅವರ ಮೊಮ್ಮಗಳು. ಆ ಹೆಸರು ಕಿವಿಗೆ ಬಿದ್ದದ್ದೇ ಅಂಕಲ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದರು. ತುಂಡು ನೋಡಿದರು, ಕೆಂಪು ಮೆಟ್ಟಿಲು ನೋಡಿದರು, ತಲೆಯೆತ್ತಿ ಸಜ್ಜಾ ನೋಡಿದರು. ಮೊದಲ ಬಾರಿಗೆ ಆ ಮುಖದಲ್ಲಿ ಭಯ ಕಂಡಿತು. ರಾಜಶ್ರೀಯ ಎದೆ ಹಗುರಾಯಿತು. ಅಂತೂ ನಾಟಿತು!

ಅಂಕಲ್ ಗಂಟಲು ಸರಿ ಮಾಡಿಕೊಂಡರು. "ಸರಿ. ನಾಳೆಯಿಂದ ಮಗು ಹಿಂದಿನ ಗೇಟಿಂದ ಹೋಗ್ಲಿ. ವ್ಯಾನ್ ಡ್ರೈವರ್‌ಗೆ ನಾನು ಫೋನ್ ಮಾಡಿ ಹೇಳ್ತೀನಿ."

"ಹಾಗೆ ಮಾಡಿ ಮತ್ತೆ," ಎಂದು ಆಂಟಿ ನಿಟ್ಟುಸಿರು ಬಿಟ್ಟರು. "ಬನ್ರೇ ಎಲ್ಲಾ ಒಳಗೆ, ಆರತಿಗೆ ಹೊತ್ತಾಯ್ತು." ಹೆಂಗಸರು ಒಳಗೆ ತಿರುಗಿದರು. ಯಾರೋ ಹಾಡಿಗೆ ಶ್ರುತಿ ಹಿಡಿದರು. ಅಷ್ಟೇ! ಒಂದು ಮಗುವಿನ ದಾರಿ ಬದಲಾಯಿತು, ಲೋಕ ಕ್ಷೇಮವಾಯಿತು.

ರಾಜಶ್ರೀಯ ಆಫೀಸಿನ ಕನ್ನಡ ಅಲ್ಲಿಗೇ ಮುಗಿಯಿತು.

"ಅಂದ್ರ ನಿಮಗ ಗೊತ್ತಾತು!" ಎಂದು ಅವಳು ಕೂಗಿದ ರಭಸಕ್ಕೆ ಹಾಡು ನಿಂತಿತು. "ಇಷ್ಟು ದಿನ ತಿಳೀಲಾರದ್ದಕ್ಕ ಸುಮ್ನಿದ್ರಿ ಅಂತ ನಾ ತಿಳಕೊಂಡಿದ್ದೆ. ಈಗ ತಿಳೀತಲ್ರೀ? ತಿಳದ ಮ್ಯಾಲೂ ನಿಮ್ಮ ಮೊಮ್ಮಗಳ ತಲಿ ಒಂದನ್ನ ಸರಸ್ತೀರಿ. ಉಳದೋರ ತಲಿ?"

"ಉಳಿದೋರು ಅಲ್ಲಿ ಯಾಕಮ್ಮಾ ನಿಲ್ಬೇಕು?" ಅಂಕಲ್ ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು. "ಹಬ್ಬದ ದಿನ ಅಪಶಕುನ ಆಡ್ಬೇಡಿ. ಕುಂಕುಮ ತಗೊಂಡು ಹೊರಡಿ."

ಅವಳು ಕುಂಕುಮ ತೆಗೆದುಕೊಳ್ಳದೆ ಹೊರಟಳು. ಮನೆಗಲ್ಲ. ಕಾಂಪೌಂಡಿನಲ್ಲಿ ಗೇಟಿನ ಬಣ್ಣ ಬಾಕಿಯಿಟ್ಟು ಹೋದ ಪೇಂಟರುಗಳ ಏಣಿ ಇತ್ತು. ಪಂಪಿನ ಕೋಣೆಯಲ್ಲಿ ಹಾರೆ ಇತ್ತು. ಎರಡನ್ನೂ ಎಳೆದುಕೊಂಡು ಬೀದಿಗೆ ಬಂದು, ಸೆರಗನ್ನು ಸೊಂಟಕ್ಕೆ ಬಿಗಿದು, ರಸ್ತೆಯ ಆಚೆಗೆ ನೋಡಿದಳು. ಈ ಸಲ ಕೇಳಿಯೇ ಮಾಡಬೇಕು.

"ಯಲ್ಲಮ್ಮಾರ, ಇದನ್ನ ನಾ ಕೆಡವಾಕತ್ತೀನಿ. ಆದ್ರ ಇದು ನೀವು ಕುಂಡ್ರೂ ಜಾಗ. ಕೆಡವಲೋ ಬ್ಯಾಡೋ? ನೀವು ಹೇಳ್ರಿ."

ಯಲ್ಲಮ್ಮ ಅವಳನ್ನು ನೋಡಿದಳು, ಹಾರೆ ನೋಡಿದಳು, ಸಜ್ಜಾ ನೋಡಿದಳು. ಕಟ್ಟುತ್ತಿದ್ದ ಹೂವಿಗೆ ಗಂಟು ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಎದ್ದು ಬಂದಳು. ಫುಟ್‌ಪಾತಿನ ನಡುವೆ ಕೈ ಅಗಲಿಸಿ ನಿಂತು, "ಏಯ್, ಆ ಕಡೆಯಿಂದ ಹೋಗ್ರಪ್ಪಾ! ಬೈಕ್ ಅಣ್ಣಾ, ನಿಂಗೇ ಹೇಳ್ತಿರೋದು, ತಲೆ ಬೇಕಾದ್ರೆ ಆ ಕಡೆ ಹೋಗು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗತೊಡಗಿದಳು.

ರಾಜಶ್ರೀ ಸಜ್ಜಾದ ಕೆಳಗೆ ಹೋಗಲಿಲ್ಲ. ಪಕ್ಕದ ಕಂಬಕ್ಕೆ ಏಣಿ ಆನಿಸಿ ಹತ್ತಿ, ಹಾರೆಯನ್ನು ಮುಂದಕ್ಕೆ ಚಾಚಿ ಸಜ್ಜಾದ ಅಡಿಗೆ ಕುಟ್ಟಿದಳು. ಗಟ್ಟಿ ಇದ್ದಿದ್ದರೆ ಟಣ್ ಅನ್ನಬೇಕಿತ್ತು. ಒಡಕು ಮಡಕೆಯ ಹಾಗೆ ಡೊಬ್ ಅಂದಿತು. ಇನ್ನೊಂದು ಏಟು. ನೇರಳೆ ಬಣ್ಣ ಸೀಳಿತು, ಪುಟ್ಟಿ ಪುಡಿಯಾಗಿ ಉದುರಿತು. ಮೂರನೆಯದಕ್ಕೆ ಮಾರುದ್ದದ ಪದರವೊಂದು ಕಳಚಿ ಹೂಕುಂಡಗಳ ಮೇಲೆ ಅಪ್ಪಳಿಸಿತು. ಕುಂಡಗಳು ಚೂರಾದವು. ಬೇಕರಿಯಲ್ಲಿ ಪಫ್ ತಿನ್ನುತ್ತಿದ್ದವರೆಲ್ಲ ಓಡಿಬಂದರು. "ಗುರು, ಇದರ ಕೆಳಗೇ ಅಲ್ವಾ ನಾವು ಮೊನ್ನೆ ಮಳೆಗೆ ನಿಂತಿದ್ದು?" ಎಂದ ಒಬ್ಬ.

ಸಿದ್ದಾರೂಢ ಸದ್ದು ಕೇಳಿ ಇಳಿದು ಬಂದ. ಹೆಂಡತಿಯನ್ನು ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಆಮೇಲೆ ಆ ಕೈಗಳನ್ನು ಇಳಿಸಿ ಏಣಿ ಹಿಡಿದ. "ನೀ ಬೀಳಬ್ಯಾಡ ಮತ್ತ," ಎಂದ.

"ನಿಲ್ಸಿ! ಇದು ನನ್ನ ಪ್ರಾಪರ್ಟಿ!" ಕಿಟ್ಟಿ ಅಂಕಲ್ ಗೇಟಿನೊಳಗಿನಿಂದಲೇ ಕಿರುಚುತ್ತಿದ್ದರು; ಒಂದು ಹೆಜ್ಜೆ ಮುಂದಿಟ್ಟರೆ ಸಜ್ಜಾದ ಕೆಳಗೆ ಬರಬೇಕಿತ್ತು, ಅದನ್ನವರು ಇಡಲಿಲ್ಲ. "ಪೊಲೀಸ್‌ಗೆ ಫೋನ್ ಮಾಡ್ತೀನಿ! ನಾಳೆನೇ ಮನೆ ಖಾಲಿ ಮಾಡ್ಬೇಕು ನೀವು!"

"ಮಾಡ್ರಿ ಫೋನು! ಬಂದೋರನ್ನ ಇದರ ಕೆಳಗ ನಿಂದರಿಸಿ ಮಾತಾಡ್ಸೂಣು."

ಕಳಚಿದ ಜಾಗದಲ್ಲಿ ಈಗ ಕಂಬಿಗಳು ಕಾಣುತ್ತಿದ್ದವು. ಕಂಬಿ ಅನ್ನುವುದು ಹೆಸರಿಗೆ. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಂಡ ತುಕ್ಕು. ಕೆಲವು ಕಡೆ ಒಳಗೆ ಉಳಿದಿದ್ದದ್ದು ಊದುಬತ್ತಿಯ ಕಡ್ಡಿಯಷ್ಟು. ಬಾಗಿಲಲ್ಲಿ ನಿಂತ ಹೆಂಗಸರ ನಡುವೆ ಕಾತ್ಯಾಯಿನಿ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡು ಅದನ್ನೇ ನೋಡುತ್ತಿದ್ದರು. ಫುಟ್‌ಪಾತಿನ ತುಂಬ ಮೊಬೈಲುಗಳು ಎದ್ದಿದ್ದವು. ಜನರ ಕಡೆಗೆ ಒಮ್ಮೆ, ಕಂಬಿಯ ಕಡೆಗೆ ಒಮ್ಮೆ ನೋಡಿದ ಅಂಕಲ್ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಆಯ್ತಮ್ಮಾ, ಸಾಕು. ಇಳೀರಿ. ಎಲ್ಲಾರ ಮುಂದೆ ಹೇಳ್ತಿದ್ದೀನಿ, ನಾಳೆ ಮೇಸ್ತ್ರಿ ಕರೆಸ್ತೀನಿ. ಪ್ರಾಮಿಸ್."

ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಕಣ್ಣ ರೆಪ್ಪೆಯ ಮೇಲೆಲ್ಲ ಧೂಳು. ರಾಜಶ್ರೀ ಹಾರೆ ತಗ್ಗಿಸಿ, ಒಂದು ಮೆಟ್ಟಿಲು ಇಳಿದಳು.

"ಇಳೀಬೇಡ ಕಣಮ್ಮಾ," ಕೆಳಗಿನಿಂದ ಯಲ್ಲಮ್ಮ ಕೂಗಿದಳು. "ಇವರ ನಾಳೆ ನಂಗೊತ್ತು. ನಾ ಕೂರೋದು ಆ ಮೂಲೇಲಿ. ಅಲ್ಲಿಂದು ಇನ್ನೂ ಬಿದ್ದಿಲ್ಲ. ಏಣಿ ಈ ಕಡೆ ಹಾಕಪ್ಪಾ ನೀನು."

ಸಿದ್ದಾರೂಢ ಏಣಿ ಎತ್ತಿ ಆ ಕಡೆಯ ಕಂಬಕ್ಕೆ ಆನಿಸಿದ. ರಾಜಶ್ರೀ ಹತ್ತಿದಳು.

"ಇನ್ನೂ ಎಡಕ್ಕೆ," ಎಂದಳು ಯಲ್ಲಮ್ಮ. "ಹಾಂ, ಅಲ್ಲೇ. ಹೊಡಿ."